ದಿನಾ ವ್ಯಾಯಾಮ ಮಾಡುವವರು ರಜೆ ತಗೋಬೇಕಾ?

ಜಿಮ್‌ಗಾದರೆ ಬಾಗಿಲು ಹಾಕುವ ದಿನ ಅಂತ ಒಂದಿರುತ್ತದೆ, ಮನೆಗೆ ಇರುವುದಿಲ್ಲ. ಮ್ಯಾಟ್ ಮೂಲೆಯಲ್ಲೇ ಸುತ್ತಿಟ್ಟಿರುತ್ತದೆ. ಮೊಬೈಲಿನಲ್ಲಿ ‘30 ದಿನಗಳ ಚಾಲೆಂಜ್’ ಕಾಯುತ್ತಿರುತ್ತದೆ. ಒಂದು ದಿನ ತಪ್ಪಿದರೆ ಆ್ಯಪ್ ಲೆಕ್ಕವನ್ನು ಸೊನ್ನೆಗೆ ಇಳಿಸಿಬಿಡುತ್ತದೆ. ಹಾಗಾಗಿ ಮನೆಯಲ್ಲೇ ಬೆವರು ಸುರಿಸುವವರಿಗೆ ಎರಡು ಅನುಮಾನ ಬಿಟ್ಟಿದ್ದಲ್ಲ. ಬಿಡದೆ ಮಾಡಿದರೆ ಸ್ನಾಯುಗಳಿಗೆ ಪೆಟ್ಟಾಗುತ್ತದಾ? ಬಿಟ್ಟರೆ ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲಾಗುತ್ತದಾ?

ದೇಹಕ್ಕೆ ಬಿಡುವು ಬೇಕೇ ಬೇಕು. ಆದರೆ ಅದು ಕ್ಯಾಲೆಂಡರ್ ನೋಡಿ ಕೊಡುವ ರಜೆಯಲ್ಲ, ದುಡಿದ ಸ್ನಾಯುವಿಗೆ ದುಡಿತಕ್ಕೆ ತಕ್ಕಂತೆ ಕೊಡುವಂಥದ್ದು. ಭಾನುವಾರ ಮಲಗಿದ್ದು, ಉಳಿದ ಆರು ದಿನವೂ ಅದೇ ಎದೆಯನ್ನು, ಅದೇ ಭುಜವನ್ನು ಸೋಲಿಸಿದರೆ ಆ ಭಾನುವಾರದಿಂದ ಹೆಚ್ಚೇನೂ ಸಿಗುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ದಿನಾ ಮಾಡಿಯೂ ನಿಮಗೆ ಬಿಡುವೇ ಬೇಡ ಅನಿಸುತ್ತಿದ್ದರೆ ನಿಮ್ಮ ವ್ಯಾಯಾಮ ನಿಮಗೀಗ ಹಗುರವಾಗಿದೆ ಎಂದು ಅರ್ಥ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಗೊತ್ತಿರಬೇಕು.

ಸೋಮವಾರ ಸಂಜೆಯಿಂದ ಬುಧವಾರದವರೆಗೆ

ಹೊಸದಾಗಿ ಶುರು ಮಾಡಿದ, 60 ಕೆ.ಜಿ. ತೂಕದ ಒಬ್ಬರು ಸೋಮವಾರ ಸಂಜೆ 6 ಗಂಟೆಗೆ ಕೈ ಸೋಲುವವರೆಗೂ ಪುಶ್-ಅಪ್ ಹೊಡೆದರು ಎಂದುಕೊಳ್ಳಿ. ಪುಶ್-ಅಪ್‌ನಲ್ಲಿ ದೇಹದ ತೂಕದ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. ಅಂದರೆ ಇವರು ಪ್ರತಿ ಸಲವೂ ಸುಮಾರು 40 ಕೆ.ಜಿ. ಎತ್ತಿ ಇಳಿಸಿದ್ದಾರೆ. ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಎತ್ತುವಾಗ ಅಲ್ಲ, ಇಳಿಸುವಾಗ. ಎದೆ ನೆಲದ ಕಡೆಗೆ ಇಳಿಯುತ್ತಿದ್ದಂತೆ ಎದೆಯ ಸ್ನಾಯುಗಳೂ ರಟ್ಟೆಯ ಹಿಂಬದಿಯ ಸ್ನಾಯುಗಳೂ ಭಾರ ಹೊತ್ತುಕೊಂಡೇ ಉದ್ದವಾಗಬೇಕಾಗುತ್ತದೆ. ಹಾಗೆ ಜಗ್ಗಿದಾಗ ಎಳೆಗಳೊಳಗೆ ಸಾಲುಗಟ್ಟಿರುವ ಸಾರ್ಕೊಮಿಯರ್ ಎಂಬ ಅತಿ ಸಣ್ಣ ಘಟಕಗಳಲ್ಲಿ ಕೆಲವು ಜೋಡಣೆ ತಪ್ಪುತ್ತವೆ. ಇದು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣ ಹಾನಿ.

ಆ ಹೊತ್ತಿನ ಉರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ರಕ್ತದಲ್ಲಿ ಏರಿದ್ದ ಲ್ಯಾಕ್ಟೇಟ್ (ಜನ ಲ್ಯಾಕ್ಟಿಕ್ ಆಸಿಡ್ ಎನ್ನುವುದು ಇದನ್ನೇ) ಕೂಡ ಒಂದು ಗಂಟೆಯ ಸುಮಾರಿಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಸ್ನಾನ ಮುಗಿಸಿ ಊಟಕ್ಕೆ ಕೂರುವ ಹೊತ್ತಿಗೆ ಎಲ್ಲ ಮುಗಿಯಿತು ಅನಿಸುತ್ತದೆ. ಒಳಗಿನ ಕೆಲಸ ಶುರುವಾಗುವುದೇ ಆಗ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೈಸೆಪ್ಸ್‌ಗೆ ಜೋರು ವ್ಯಾಯಾಮ ಕೊಟ್ಟು, ಸ್ನಾಯು ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ವೇಗವನ್ನು ಅಳೆದು 1995ರಲ್ಲಿ ಪ್ರಕಟಿಸಿದರು. 4 ಗಂಟೆಗಳ ನಂತರ ಆ ವೇಗ ಒಂದೂವರೆ ಪಟ್ಟಾಗಿತ್ತು, 24 ಗಂಟೆಗಳ ನಂತರ ಎರಡು ಪಟ್ಟು ದಾಟಿತ್ತು, 36 ಗಂಟೆಗಳಾಗುವಾಗ ಬಹುತೇಕ ಮೊದಲಿನ ಮಟ್ಟಕ್ಕೆ ಇಳಿದಿತ್ತು. 1997ರ ಇನ್ನೊಂದು ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದವರಲ್ಲಿ ಅದು 48 ಗಂಟೆಗಳ ನಂತರವೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ‘ಒಂದು ದಿನ ಬಿಟ್ಟು ಒಂದು ದಿನ ಮಾಡಿ’ ಎಂಬ ಸಲಹೆಗೆ ಇಂಥ ಅಳತೆಗಳೇ ಆಧಾರ.

1997ರ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿತ್ತು, ಅದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ವ್ಯಾಯಾಮದ ನಂತರ ಕಟ್ಟುವ ಕೆಲಸದ ಜೊತೆಗೆ ಒಡೆಯುವ ಕೆಲಸವೂ ಹೆಚ್ಚುತ್ತದೆ. ಖಾಲಿ ಹೊಟ್ಟೆಯಲ್ಲಿ ಅಳೆದಾಗ ಕಟ್ಟಿದ್ದಕ್ಕಿಂತ ಒಡೆದದ್ದೇ ಹೆಚ್ಚಿತ್ತು. ಪ್ರೋಟೀನ್ ಹೊಟ್ಟೆಗೆ ಬಿದ್ದಾಗ ಮಾತ್ರ ಲೆಕ್ಕ ಲಾಭದ ಕಡೆಗೆ ತಿರುಗುತ್ತದೆ. ಹಾಗಾಗಿ ಅರೆಹೊಟ್ಟೆಯಲ್ಲಿ ತೂಕ ಇಳಿಸುತ್ತಾ, ವಾರಕ್ಕೆರಡು ದಿನ ರಜೆ ತಗೊಂಡಿದ್ದೇನೆ ಎಂದು ಸಮಾಧಾನಪಟ್ಟುಕೊಳ್ಳುವವರಿಗೆ ಆ ರಜೆ ಅರ್ಧ ಉಪಯೋಗಕ್ಕೂ ಬಾರದು.

ವ್ಯಾಯಾಮ ಕೊಡುವುದು ಬೆಳೆಯಬೇಕೆಂಬ ಸೂಚನೆಯನ್ನಷ್ಟೇ, ಬೆಳವಣಿಗೆ ನಡೆಯುವುದು ಬಿಡುವಿನಲ್ಲಿ. ಅಂಗೈ ಜಡ್ಡುಗಟ್ಟುವುದನ್ನು ನೋಡಿ: ಆಗಾಗ ಉಜ್ಜಿ ನಡುನಡುವೆ ಬಿಟ್ಟರೆ ಚರ್ಮ ದಪ್ಪವಾಗುತ್ತದೆ, ಬಿಡದೆ ಉಜ್ಜಿದರೆ ಗುಳ್ಳೆ ಏಳುತ್ತದೆ.

ನೋವನ್ನು ನಂಬಬಹುದಾ?

ಮಂಗಳವಾರ ಮಧ್ಯಾಹ್ನ ನಮ್ಮ ಆಸಾಮಿಗೆ ಎದೆ ಬಿಗಿಯಲು ಶುರು. ಬುಧವಾರ ಅಂಗಿ ಕಳಚುವುದೂ ಕಷ್ಟ. ತಡವಾಗಿ ಬರುವ ಈ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಹೆಚ್ಚು ಕಾಡುತ್ತದೆ. ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ’ ಎಂದು ಕೋಚ್‌ಗಳೇ ಇವತ್ತಿಗೂ ಹೇಳುವುದುಂಟು. ಸೋಮವಾರ ರಾತ್ರಿಯೇ ಖಾಲಿಯಾದದ್ದು ಬುಧವಾರ ನೋಯಿಸುವುದಾದರೂ ಹೇಗೆ? ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ ಈ ನೋವಿನ ಮೂಲ ಸ್ನಾಯುವಿನೊಳಗಿನ ಸಣ್ಣ ಹರುಕುಗಳಿರಬೇಕು ಎಂದು 1902ರಲ್ಲೇ ಬರೆದಿದ್ದರು. ಇವತ್ತಿನ ತಿಳಿವಳಿಕೆಯೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿದೆ. ಜೋಡಣೆ ತಪ್ಪಿದ ಎಳೆಗಳು, ಅವುಗಳನ್ನು ಸರಿಪಡಿಸಲು ಬರುವ ಉರಿಯೂತ, ಅದರಿಂದ ಸೂಕ್ಷ್ಮವಾಗುವ ನರಗಳು ಎಲ್ಲ ಸೇರಿ ಈ ನೋವು.

ಹೆಚ್ಚು ನೋವಾದರೆ ಹೆಚ್ಚು ಬೆಳವಣಿಗೆ ಎಂಬ ನಂಬಿಕೆ ಇದಕ್ಕಿಂತ ಗಟ್ಟಿ. ಬ್ರೆಜಿಲ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅದರ ಬುಡಕ್ಕೇ ಕೈ ಹಾಕಿತು. ಅವರು ಯುವಕರಿಗೆ 10 ವಾರ ತರಬೇತಿ ಕೊಟ್ಟರು. ಮೊದಲ ಸಲದ ವ್ಯಾಯಾಮದ ನಂತರ ಪ್ರೋಟೀನ್ ಕಟ್ಟುವ ವೇಗ ಅತಿ ಹೆಚ್ಚಿತ್ತು, ಹಾನಿಯೂ ಅತಿ ಹೆಚ್ಚಿತ್ತು. ಆದರೆ ಆ ವೇಗಕ್ಕೂ ಕೊನೆಗೆ ಸ್ನಾಯು ಎಷ್ಟು ಬೆಳೆಯಿತು ಎಂಬುದಕ್ಕೂ ನಂಟೇ ಇರಲಿಲ್ಲ, ಏಕೆಂದರೆ ಆಗ ಕಟ್ಟಿದ್ದೆಲ್ಲ ದುರಸ್ತಿಗೇ ಖರ್ಚಾಗುತ್ತಿತ್ತು. ಹಾನಿ ತಗ್ಗಿದ ಮೂರನೇ ವಾರದ ಹೊತ್ತಿಗಷ್ಟೇ ಎರಡಕ್ಕೂ ನಂಟು ಕಾಣಿಸಿತು. ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯುವುದು ಹೆಮ್ಮೆಪಡುವ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅದೇ ವ್ಯಾಯಾಮವನ್ನು ಮುಂದಿನ ವಾರ ಮಾಡಿ ನೋಡಿ, ನೋವು ತುಂಬಾ ಕಡಿಮೆ ಇರುತ್ತದೆ. ಒಂದೇ ಒಂದು ಸಲ ಪೆಟ್ಟು ತಿಂದ ಸ್ನಾಯು ಅಂಥದೇ ಪೆಟ್ಟಿನ ವಿರುದ್ಧ ವಾರಗಟ್ಟಲೆ ರಕ್ಷಣೆ ಪಡೆದಿರುತ್ತದೆ. ಆದ್ದರಿಂದ ಸುಸ್ತು ಆರಿದೆಯೋ ಇಲ್ಲವೋ ಎಂಬುದನ್ನು ನೋವಿನಿಂದ ಅಳೆಯಬೇಡಿ, ಎಷ್ಟು ಸಾಧ್ಯವಾಗುತ್ತಿದೆ ಎಂಬುದರಿಂದ ಅಳೆಯಿರಿ. ಸೋಮವಾರ 15 ಪುಶ್-ಅಪ್ ಆಗಿ ಬುಧವಾರ 15ಕ್ಕೆ ಮುಟ್ಟಿದರೆ, ಸ್ವಲ್ಪ ಮೈಕೈ ನೋವಿದ್ದರೂ ಚಿಂತೆಯಿಲ್ಲ. ನೋವೇನೂ ಇಲ್ಲದೆ 10ಕ್ಕೇ ಕೈ ನಡುಗಿದರೆ ಇನ್ನೊಂದು ದಿನ ಬೇಕು.

ಮಾಂಸಕ್ಕೊಂದು ಗಡಿಯಾರ, ಮೊಣಕೈಗೊಂದು

ಬಿಡುವಿನ ಮಾತು ಬಂದಾಗಲೆಲ್ಲ ಸ್ನಾಯುವನ್ನಷ್ಟೇ ನೋಡುವುದು ರೂಢಿ. ಮನೆಯಲ್ಲಿ ವ್ಯಾಯಾಮ ಮಾಡುವವರು ನಿಜಕ್ಕೂ ನಿಲ್ಲಿಸಬೇಕಾಗಿ ಬರುವುದು ಬಹುಪಾಲು ಬೇರೆ ಕಡೆಯ ನೋವಿನಿಂದ: ಮಣಿಕಟ್ಟು, ಮೊಣಕೈ, ಮಂಡಿಚಿಪ್ಪಿನ ಕೆಳಭಾಗ, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ.

ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳಿಗೆ ರಕ್ತ ಹರಿಯುವುದು ಕಡಿಮೆ. ಭಾರ ಬಿದ್ದ ಮೇಲೆ ಅಲ್ಲಿಯೂ ಕೊಲಾಜೆನ್ ಎಂಬ ಪ್ರೋಟೀನ್ ಒಡೆಯುತ್ತದೆ, ಹೊಸದು ಹುಟ್ಟುತ್ತದೆ. ಆದರೆ ಮೊದಲ 24ರಿಂದ 36 ಗಂಟೆ ಒಡೆಯುವುದೇ ಮುಂದೆ, ಕಟ್ಟುವುದು ಅದನ್ನು ಹಿಂದೆ ಹಾಕುವುದು ಆಮೇಲೆ, ಸುಮಾರು 72 ಗಂಟೆಗಳವರೆಗೆ. ದಿನಾ ಸಂಜೆ ಅದೇ ಹೊತ್ತಿಗೆ ಅದೇ ಭಾರ ಹೇರುವವರು ಪ್ರತಿ ಸಲವೂ ರಜ್ಜು ನಷ್ಟದಲ್ಲಿರುವಾಗಲೇ ಮತ್ತೆ ಕೆಲಸಕ್ಕೆ ಎಳೆಯುತ್ತಾರೆ. ಸ್ನಾಯು ಕೆಲವು ವಾರಗಳಲ್ಲೇ ಬಲಿಯುತ್ತದೆ, ರಜ್ಜು ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಪುಶ್-ಅಪ್ ಸಂಖ್ಯೆ ಏರುತ್ತಲೇ ಇದೆ, ಮೊಣಕೈ ಮಾತ್ರ ಯಾಕೋ ಚುಚ್ಚುತ್ತಿದೆ ಅನ್ನುವವರ ಕಥೆ ಇದೇ. ಸ್ನಾಯುವಿನ ನೋವು ಅಗಲಕ್ಕೆ ಹರಡಿ ಮಂದವಾಗಿರುತ್ತದೆ, ಎರಡು ಮೂರು ದಿನದಲ್ಲಿ ಕರಗುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಕೀಲಿನ ಹತ್ತಿರ, ಬೆಳಿಗ್ಗೆ ಎದ್ದಾಗ ಬಿಗಿದು ಆಮೇಲೆ ಸಡಿಲವಾಗುವ ನೋವು ರಜ್ಜುವಿನದ್ದಿರಬಹುದು. ಅದನ್ನು ತುಳಿದು ಮುಂದೆ ಹೋದರೆ ಮುಂದೆ ತಿಂಗಳುಗಳನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಮೂಳೆಯ ಲೆಕ್ಕ ಬೇರೆ. ಕೆಲವು ಹತ್ತು ಸಲ ಜಿಗಿದ ಮೇಲೆ ಮೂಳೆಯ ಜೀವಕೋಶಗಳು ಆ ಸೂಚನೆಗೆ ಕಿವುಡಾಗುತ್ತವೆ, ಮತ್ತೆ ಚುರುಕಾಗಲು ಗಂಟೆಗಳು ಬೇಕು. ಹಾಗಾಗಿ ಒಂದೇ ಸಲ 200 ಜಂಪಿಂಗ್ ಜ್ಯಾಕ್ ಹೊಡೆಯುವುದರಲ್ಲಿ ಮೂಳೆಗೆ ಕೊನೆಯ 150ರಿಂದ ಹೆಚ್ಚೇನೂ ದಕ್ಕುವುದಿಲ್ಲ. ಇಂಧನದ ಗಡಿಯಾರ ಸರಳ: ಸ್ನಾಯುವಿನಲ್ಲಿ ಖರ್ಚಾದ ಗ್ಲೈಕೊಜೆನ್, ಸಾಕಷ್ಟು ಕಾರ್ಬೋಹೈಡ್ರೇಟ್ ತಿಂದರೆ ಸುಮಾರು ಒಂದು ದಿನದಲ್ಲಿ ತುಂಬುತ್ತದೆ.

ಹಾಗಾದರೆ ದಿನಾ ಮಾಡುವುದು ತಪ್ಪಾ?

ಯಾವುದನ್ನು ಎಂಬುದರ ಮೇಲೆ ಹೋಗುತ್ತದೆ. ನಡಿಗೆ, ಮೈ ಸಡಿಲಿಸುವ ವ್ಯಾಯಾಮ, ಮಾತಾಡುತ್ತಾ ಮಾಡಬಹುದಾದಷ್ಟು ಹಗುರವಾದ ಏರೋಬಿಕ್ಸ್, ಇವಕ್ಕೆಲ್ಲ ರಜೆಯ ಅಗತ್ಯವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕು ಎನ್ನುತ್ತದೆ, ಸ್ನಾಯುಬಲದ ವ್ಯಾಯಾಮಕ್ಕೆ ಮಾತ್ರ ವಾರಕ್ಕೆ ಎರಡು ಅಥವಾ ಹೆಚ್ಚು ದಿನ ಎನ್ನುತ್ತದೆ. ಪ್ರತಿದಿನ ಎಂಬ ಮಾತು ಅಲ್ಲಿಲ್ಲ.

ಸ್ನಾಯು ಬೆಳೆಸಬೇಕೆಂದಿರುವವರಿಗೆ ಸಮಾಧಾನ ಕೊಡುವ ಸಂಗತಿ ಒಂದಿದೆ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ವಿಶ್ಲೇಷಣೆಯ ಪ್ರಕಾರ, ವಾರದ ಒಟ್ಟು ದುಡಿತ ಸಮನಾಗಿದ್ದರೆ ಅದನ್ನು ಎಷ್ಟು ದಿನಗಳಿಗೆ ಹಂಚುತ್ತೀರಿ ಎಂಬುದರಿಂದ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಎದೆಗೆ ವಾರಕ್ಕೆ 12 ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು ಒಂದು ಸೆಟ್) ಎಂದುಕೊಂಡರೆ, ದಿನಕ್ಕೆ 4ರಂತೆ ಮೂರು ದಿನವಾದರೂ ಸರಿ, ದಿನಕ್ಕೆ 2ರಂತೆ ಆರು ದಿನವಾದರೂ ಸರಿ. ಆದರೆ ಆರು ದಿನ ಮಾಡುವವರು ಪ್ರತಿ ಸೆಟ್ಟನ್ನೂ ಕೈ ಕುಸಿಯುವವರೆಗೆ ಎಳೆಯಬಾರದು. ಇನ್ನೆರಡು ಮೂರು ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸಬೇಕು. ಪೂರ್ತಿ ಸೋಲುವವರೆಗೆ ಮಾಡಿದಾಗ ಚೇತರಿಕೆಗೆ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ ಎಂದು 2017ರ ಅಧ್ಯಯನವೊಂದು ತೋರಿಸಿದೆ. ಕೊನೆಯ ಆ ಎರಡು ಪುಶ್-ಅಪ್‌ಗೆ ತೆರುವ ಬೆಲೆ ದುಬಾರಿ.

ದಿನಾ ಮಾಡಲು ಇನ್ನೊಂದು ದಾರಿ, ಸರದಿ ಹಾಕಿಕೊಳ್ಳುವುದು: ಇವತ್ತು ಮೇಲ್ಭಾಗ, ನಾಳೆ ಕಾಲು. ಹಾಳೆಯ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಎಡವುವುದು ಎಲ್ಲಿ ಎಂದರೆ, ಮನೆಯ ವ್ಯಾಯಾಮಗಳಲ್ಲಿ ಅರ್ಧಕ್ಕರ್ಧ ಕೈ ನೆಲಕ್ಕೆ ಊರಿ ಮಾಡುವಂಥವು. ಸೋಮವಾರ ‘ಎದೆಯ ದಿನ’ ಪುಶ್-ಅಪ್. ಮಂಗಳವಾರ ‘ಹೊಟ್ಟೆಯ ದಿನ’ ಪ್ಲ್ಯಾಂಕ್, ಮೌಂಟನ್ ಕ್ಲೈಂಬರ್. ಬುಧವಾರ ‘ಕೊಬ್ಬು ಕರಗಿಸುವ ದಿನ’ ಬರ್ಪಿ. ಹೆಸರು ಮೂರಾದರೂ ಮೂರೂ ದಿನ ಭಾರ ಹೊತ್ತದ್ದು ಅದೇ ಭುಜ, ಅದೇ ಮಣಿಕಟ್ಟು. ಬೆನ್ನಿಗೆ ಮಾತ್ರ ಇಡೀ ವಾರ ರಜೆ, ಏಕೆಂದರೆ ಎಳೆಯುವ ವ್ಯಾಯಾಮಕ್ಕೆ ಕಂಬಿಯೋ ರೆಸಿಸ್ಟೆನ್ಸ್ ಬ್ಯಾಂಡೋ ಬೇಕು. ಸರದಿಯನ್ನು ವಿಡಿಯೋದ ಶೀರ್ಷಿಕೆ ನೋಡಿ ಹಾಕಬೇಡಿ, ಯಾವ ಕೀಲು ಭಾರ ಹೊರುತ್ತಿದೆ ಎಂದು ನೋಡಿ ಹಾಕಿ. ಪುಶ್-ಅಪ್ ಮಾಡಿದ ಮರುದಿನ ಬಸ್ಕಿ, ಲಂಜ್, ಬೆನ್ನ ಮೇಲೆ ಮಲಗಿ ಮಾಡುವ ಗ್ಲೂಟ್ ಬ್ರಿಜ್ ಇದ್ದರೆ ಕೈಗಳಿಗೆ ನಿಜವಾದ ಬಿಡುವು.

ಏದುಸಿರು ಬರಿಸುವ ಹಿಟ್ (HIIT, ಬಿರುಸಾಗಿ ಮಾಡಿ, ಸ್ವಲ್ಪ ನಿಲ್ಲಿಸಿ, ಮತ್ತೆ ಬಿರುಸಾಗಿ ಮಾಡುವ ವ್ಯಾಯಾಮ) ವಿಡಿಯೋಗಳ ಬಗ್ಗೆ ಸ್ವಲ್ಪ ಎಚ್ಚರ. ಸ್ವೀಡನ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 11 ಮಂದಿ ಆರೋಗ್ಯವಂತರಿಗೆ ಇಂಥ ತರಬೇತಿಯನ್ನು ವಾರದಿಂದ ವಾರಕ್ಕೆ ಹೆಚ್ಚಿಸುತ್ತಾ ಹೋದರು. ಮೂರನೇ ವಾರ 152 ನಿಮಿಷ ಮುಟ್ಟಿದಾಗ ಸ್ನಾಯುಕೋಶಗಳ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳ ಸಾಮರ್ಥ್ಯ ಕುಸಿಯಿತು, ರಕ್ತದ ಸಕ್ಕರೆಯ ಹತೋಟಿಯೂ ತಪ್ಪಿತು. ದುಡಿತ ಇಳಿಸಿದ ಮುಂದಿನ ವಾರ ಬಹುಪಾಲು ಸುಧಾರಿಸಿತು. ಚಿಕ್ಕ ಅಧ್ಯಯನ, ಹೌದು. ಆದರೂ ನಿಜಕ್ಕೂ ಜೋರಾದ ಹಿಟ್ ವಾರಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ ಎಂಬ ಹಳೆಯ ಸಲಹೆಗೆ ಇದು ಬಲ ಕೊಡುತ್ತದೆ.

ಇನ್ನು, ಎರಡು ವರ್ಷದಿಂದ ದಿನಾ 20 ಪುಶ್-ಅಪ್ ಮಾಡುತ್ತಿದ್ದೇನೆ, ಏನೂ ಆಗಿಲ್ಲ ಅನ್ನುವವರು. ಅವರ ಮಾತು ಪೂರ್ತಿ ನಿಜ, ಅವರಿಗೆ ಏನೂ ಆಗಿಲ್ಲ! ಗಾಯವೂ ಆಗಿಲ್ಲ, ಬೆಳವಣಿಗೆಯೂ ಆಗಿಲ್ಲ. ಮೊದಲ ತಿಂಗಳು ಆ 20 ಭಾರವಾಗಿತ್ತು, ಮೈ ಅದಕ್ಕೆ ಒಗ್ಗಿಕೊಂಡಿತು, ಈಗ ಅದು ಹಲ್ಲುಜ್ಜಿದಷ್ಟೇ ಸಲೀಸು. ಇದ್ದದ್ದನ್ನು ಉಳಿಸಿಕೊಳ್ಳಲು ಅಷ್ಟು ಸಾಕು, ರಜೆಯೂ ಬೇಡ. ಮತ್ತೆ ಬೆಳೆಯಬೇಕೆಂದರೆ ನಿಧಾನವಾಗಿ ಇಳಿಯುವುದೋ ಕಾಲನ್ನು ಎತ್ತರದ ಮೇಲಿಡುವುದೋ ಮಾಡಿ ಭಾರ ಹೆಚ್ಚಿಸಬೇಕು. ಹೆಚ್ಚಿಸಿದ ಮರುದಿನವೇ ಬಿಡುವಿನ ಪ್ರಶ್ನೆ ತಾನಾಗಿ ಮರಳಿ ಬರುತ್ತದೆ.

ಗಟ್ಟಿಯಾಗಿ ಬರೆದಿಟ್ಟ ವೇಳಾಪಟ್ಟಿಗೆ ಜೋತುಬೀಳುವ ಚಟ ಹೊಸದೇನಲ್ಲ. ಪ್ರಾಚೀನ ಗ್ರೀಸ್‌ನ ಕುಸ್ತಿಪಟುಗಳಿಗೆ ‘ಟೆಟ್ರಾಡ್’ ಎಂಬ ನಾಲ್ಕು ದಿನಗಳ ಚಕ್ರವಿತ್ತು. ಒಂದು ದಿನ ಸಿದ್ಧತೆ, ಒಂದು ದಿನ ಮೈಮುರಿಯುವ ಕಸರತ್ತು, ಒಂದು ದಿನ ವಿರಾಮ, ಒಂದು ದಿನ ಮಧ್ಯಮ. ಒಲಿಂಪಿಯಾದಲ್ಲಿ ಗೆದ್ದ ಗೆರೆನಸ್ ಎಂಬ ಪೈಲ್ವಾನ ವಿಜಯದ ಔತಣದಲ್ಲಿ ಕುಡಿದು ತಿಂದು ಮರುದಿನ ಸುಸ್ತಾಗಿ ಬಂದಾಗ, ಗುರು ಸಿಟ್ಟಿನಿಂದ ಚಕ್ರ ತಪ್ಪಿಸದೆ ಕಸರತ್ತು ಮಾಡಿಸಿದನಂತೆ, ಪೈಲ್ವಾನ ಅಲ್ಲೇ ಪ್ರಾಣ ಬಿಟ್ಟನಂತೆ. ಈ ಕಥೆಯನ್ನು ಬರೆದಿಟ್ಟ 3ನೇ ಶತಮಾನದ ಗ್ರೀಕ್ ಲೇಖಕನಿಗೆ ಟೆಟ್ರಾಡ್ ಮೇಲೆ ವಿಪರೀತ ಕೋಪ. ಆ ಚಕ್ರದಲ್ಲಿ ವಿರಾಮದ ದಿನವೂ ಇತ್ತು ಎಂಬುದನ್ನು ಮರೆಯಬೇಡಿ. ಅವನ ಸಿಟ್ಟೆಲ್ಲ ಅವತ್ತಿನ ಮೈಯನ್ನು ನೋಡದ ಗುರುವಿನ ಮೇಲೆ.

ಯಾವಾಗ ನಿಲ್ಲಿಸಬೇಕು, ನಿಲ್ಲಿಸಿ ಏನು ಮಾಡಬೇಕು

ಸತತ ಎರಡು ಮೂರು ಸಲ ಸಂಖ್ಯೆ ಇಳಿದರೆ, ಬೆಳಿಗ್ಗೆ ಹಾಸಿಗೆಯಲ್ಲೇ ನೋಡಿದ ನಾಡಿಬಡಿತ ಕೆಲವು ದಿನಗಳಿಂದ ಮಾಮೂಲಿಗಿಂತ ಹೆಚ್ಚಿದ್ದರೆ, ಸುಸ್ತಾಗಿದ್ದರೂ ನಿದ್ದೆ ಬಾರದಿದ್ದರೆ, ಸಣ್ಣದಕ್ಕೂ ಸಿಡುಕು ಬರುತ್ತಿದ್ದರೆ ಎರಡು ದಿನ ಬಿಡಿ. ಜ್ವರವಿದ್ದರೆ ಕೇಳಲೇಬೇಡಿ.

ಒಂದು ಲಕ್ಷಣವನ್ನು ಮಾತ್ರ ಕಾದು ನೋಡಬಾರದು. ರೂಢಿಯಿಲ್ಲದವರು ಒಮ್ಮೆಲೇ ನೂರಾರು ಬಸ್ಕಿಯಂಥ ಸಾಹಸ ಮಾಡಿದ ಒಂದೆರಡು ದಿನಗಳಲ್ಲಿ ತಡೆಯಲಾಗದ ನೋವು, ಊದಿಕೊಂಡ ತೊಡೆ ಅಥವಾ ರಟ್ಟೆ, ಕಡುಕಂದು ಬಣ್ಣದ ಮೂತ್ರ ಕಾಣಿಸಿಕೊಂಡರೆ ಅದು ರಾಬ್ಡೊಮಯೊಲಿಸಿಸ್ ಇರಬಹುದು. ಒಡೆದ ಸ್ನಾಯುಕೋಶಗಳಿಂದ ಸೋರಿದ ವಸ್ತುಗಳು ಮೂತ್ರಪಿಂಡಕ್ಕೆ ಹಾನಿ ಮಾಡುವ ಸ್ಥಿತಿ ಅದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬಿಡುವಿನ ದಿನ ಹಾಸಿಗೆ ಹಿಡಿಯಬೇಕಿಲ್ಲ. ಅರ್ಧ ಗಂಟೆ ನಡೆದರೆ ಬಿಗಿತ ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ಔಷಧಿ ನಿದ್ದೆ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಯುವಜನರಲ್ಲಿ ಸ್ನಾಯು ಪ್ರೋಟೀನ್ ಕಟ್ಟುವ ವೇಗ ಶೇ 18ರಷ್ಟು ಕುಸಿದದ್ದು 2021ರ ಅಧ್ಯಯನದಲ್ಲಿ ಕಂಡಿದೆ. ಬೆಳಗಿನ ವ್ಯಾಯಾಮ ತಪ್ಪಬಾರದೆಂದು ಐದೇ ಗಂಟೆ ಮಲಗಿ ಅಲಾರಾಂಗೆ ಏಳುವವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದಾರೆ. ಪ್ರೋಟೀನ್ ವಿಷಯಕ್ಕೆ ಬಂದರೆ, 49 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಆಸುಪಾಸು ಸಾಕು, ಅದಕ್ಕಿಂತ ಹೆಚ್ಚಿಸಿದರೆ ಹೆಚ್ಚು ಲಾಭ ಕಾಣದು ಎಂದಿತು. ನಮ್ಮ 60 ಕೆ.ಜಿ.ಯವರಿಗೆ ಅದು 96 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ವೈದ್ಯರನ್ನು ಕೇಳಿಯೇ ಪಾಲಿಸಬೇಕು.

ಚೇತರಿಕೆಯ ಹೆಸರಲ್ಲಿ ಮಾಡುವ ಕೆಲವು ಉಪಾಯಗಳು ತಿರುಗುಬಾಣವಾಗುತ್ತವೆ. ಬಲದ ವ್ಯಾಯಾಮವಾದ ಕೂಡಲೇ ಮಂಜಿನಂಥ ನೀರಿನಲ್ಲಿ ಕೂತವರಲ್ಲಿ 12 ವಾರಗಳ ನಂತರ ಸ್ನಾಯು ಕಡಿಮೆ ಬೆಳೆದದ್ದು 2015ರಲ್ಲಿ ವರದಿಯಾಯಿತು. ದಿನಕ್ಕೆ 1,200 ಮಿ.ಗ್ರಾಂ. ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನು ಎಂಟು ವಾರ ನುಂಗಿದ ಯುವಜನರ ಸ್ನಾಯುಗಳು, ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಂಡವರಿಗಿಂತ ಅರ್ಧದಷ್ಟೇ ಬೆಳೆದವು. ಉರಿಯೂತ ದುರಸ್ತಿಯ ಒಂದು ಭಾಗವೇ ಆಗಿರುವುದರಿಂದ ಅದನ್ನು ಪೂರ್ತಿ ಅಡಗಿಸಿದರೆ ದುರಸ್ತಿಯೂ ಕುಂಟುತ್ತದೆ. ಅಪರೂಪಕ್ಕೊಂದು ಮಾತ್ರೆಯ ಮಾತಲ್ಲ ಇದು.

ಇನ್ನು ಬಿಟ್ಟರೆ ಎಲ್ಲ ಕರಗಿಹೋಗುತ್ತದೆ ಎಂಬ ಭಯ. ಎರಡು ಮೂರು ವಾರ ಪೂರ್ತಿ ನಿಲ್ಲಿಸಿದರೂ ಬಲ ಬಹುಪಾಲು ಉಳಿದಿರುತ್ತದೆ. ಏದುಸಿರು ಸ್ವಲ್ಪ ಬೇಗ ಬರಬಹುದು ಅಷ್ಟೆ. ಅಮೆರಿಕದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ವಾರ ವಾರಕ್ಕೆ ಮೂರು ದಿನ ತರಬೇತಿ ಪಡೆದವರಲ್ಲಿ ಕೆಲವರು, ಮುಂದಿನ 32 ವಾರ ಅದರ ಒಂಬತ್ತನೇ ಒಂದು ಭಾಗ ಮಾತ್ರ ಮಾಡಿದರು. ಯುವಜನರು ಗಳಿಸಿದ ಸ್ನಾಯುವನ್ನು ಉಳಿಸಿಕೊಂಡರು. 60 ದಾಟಿದವರಲ್ಲಿ ಬಲ ಉಳಿಯಿತು, ಆದರೆ ಸ್ನಾಯುವಿನ ಗಾತ್ರ ಉಳಿಸಿಕೊಳ್ಳಲು ಅಷ್ಟು ಸಾಲಲಿಲ್ಲ. ವಯಸ್ಸಾದವರಿಗೆ ದುಡಿತಗಳ ನಡುವೆ ಹೆಚ್ಚು ಗಂಟೆಗಳ ಬಿಡುವು ಬೇಕಾಗಬಹುದು, ಆದರೆ ವಾರಗಟ್ಟಲೆ ಬಿಡುವುದು ಅವರಿಗೇ ಹೆಚ್ಚು ನಷ್ಟ. ಕಾಯಿಲೆಯಿಂದಲೋ ಪ್ರಯಾಣದಿಂದಲೋ ಎರಡು ವಾರ ತಪ್ಪಿದ್ದರೆ ಮೊದಲ ದಿನ ಹಳೆಯ ಸೆಟ್‌ಗಳಲ್ಲಿ ಅರ್ಧ ಮಾಡಿ, ಒಂದು ದಿನ ಬಿಡಿ, ಮೂರನೇ ದಿನ ಮುಕ್ಕಾಲಕ್ಕೆ ಏರಿಸಿ. ಸಾಮಾನ್ಯವಾಗಿ ಒಂದು ವಾರದಲ್ಲಿ ಹಳೆಯ ಸಂಖ್ಯೆ ಕೈಗೆ ಸಿಗುತ್ತದೆ.